ದುರುಪಯೋಗದ ಲೆಕ್ಕ ಬರೆಯುವವರು ಯಾರು?

ಹೆಣ್ಣಿಗೆ ಒಂದು ಕಾನೂನು ಸಿಗಲಿ, ನಾಲ್ಕು ಕಾಸು ಸಿಗಲಿ, ಅದರ ಬೆನ್ನಿಗೇ ಒಂದು ಮಾತು ಓಡಿ ಬರುತ್ತದೆ: ದುರುಪಯೋಗ. ಗಂಡ ಮತ್ತು ಅವನ ಮನೆಯವರು ಕೊಡುವ ಕಿರುಕುಳವನ್ನು ಪ್ರತ್ಯೇಕ ಅಪರಾಧವೆಂದು ಹೇಳುವ 498ಎ ಕಲಮು ಭಾರತೀಯ ದಂಡ ಸಂಹಿತೆಗೆ ಸೇರಿದ್ದು 1983ರಲ್ಲಿ. ಸ್ಟೋವು ಸಿಡಿದು ಸತ್ತ ಸೊಸೆಯರ ಬೂದಿಯ ಮೇಲೆ ನಿಂತು ನಾವು ಪಡೆದ ಕಲಮು ಅದು. ಆದರೆ 2005ರ ಹೊತ್ತಿಗೆ ಸುಪ್ರೀಂ ಕೋರ್ಟಿನ ತೀರ್ಪೊಂದರಲ್ಲೇ 'ಕಾನೂನಿನ ಭಯೋತ್ಪಾದನೆ' ಎಂಬ ಮಾತು ಬಂದಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. ನಂಬರು ಬದಲಾಯಿತು, ಕೂಗು ಬದಲಾಗಲಿಲ್ಲ.

ಈಗ ಅದೇ ಕೂಗು ಕಾನೂನಿನಿಂದ ಇಳಿದು ಪಡಿತರ ಚೀಟಿಯ ಮೇಲೆ ಕೂತಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ ಎಂದಾಯಿತು. ಅದೇ ವರ್ಷ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿಗೆ ಚಾಲನೆ ಕೊಟ್ಟರು. ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಹೆಸರಿರುವವಳ ಖಾತೆಗೆ ತಿಂಗಳಿಗೆ 2000 ರೂಪಾಯಿ. ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು ಹೆಂಗಸರು ನೋಂದಾಯಿಸಿಕೊಂಡರು. ಅಂದಿನಿಂದ ನಮ್ಮ ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯ ಮುಂದಿನ ಟೀ ಅಂಗಡಿಯಲ್ಲಿ, ಅರಕಲಗೂಡಿನ ಬಸ್ ನಿಲ್ದಾಣದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲರೂ ಸಂಖ್ಯಾಶಾಸ್ತ್ರಜ್ಞರಾಗಿಬಿಟ್ಟಿದ್ದಾರೆ. ನೂರಕ್ಕೆ ಎಂಬತ್ತು ಸುಳ್ಳು ಕಾರ್ಡು ಎನ್ನುತ್ತಾರೆ. ಈ ಎಂಬತ್ತು ಎಲ್ಲಿಂದ ಬಂತು ಸ್ವಾಮಿ ಎಂದರೆ, 'ಎಲ್ಲರಿಗೂ ಗೊತ್ತಿರೋದೇ ಅಲ್ವಾ ಮೇಡಂ' ಎಂಬ ಉತ್ತರ. ಹೊಗೆಸೊಪ್ಪಿನ ಬೇಲನ್ನು ತೂಕಕ್ಕಿಟ್ಟಾಗ ನೂರು ಗ್ರಾಂ ಬಿಡದೆ ಜಗಳ ಕಾಯುವವರು ಹೆಂಗಸರ ವಿಷಯದ ಲೆಕ್ಕದಲ್ಲಿ ಮಾತ್ರ ಎಷ್ಟು ಧಾರಾಳಿಗಳು!

ಆದರೆ ನಾನು ಈ ಲೇಖನ ಬರೆಯಲು ಕೂತದ್ದು ಗಂಡಸರ ಮಾತಿನಿಂದಲ್ಲ. ನಮ್ಮ ಹೋಬಳಿಯ ಒಂದು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ನನ್ನ ಬಳಿ ಬಂದು, 'ಮೇಡಂ, ಒಂದು ಸರ್ವೆ ಫಾರಂ ಬರ್ದುಕೊಡಿ. ಸುಳ್ಳು ಹೇಳಿ ದುಡ್ಡು ಇಸ್ಕೋತಿರೋರ ಪಟ್ಟಿ ಮಾಡಿ ಕೊಟ್ರೆ ನಿಜವಾದ ಬಡವರಿಗಾದ್ರೂ ಸಿಗ್ತದೆ' ಎಂದರು. ಅವರ ಮನಸ್ಸು ಒಳ್ಳೆಯದೇ. ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನೂ ಅದರ ಜೊತೆಗೆ ಸಂಖ್ಯಾಶಾಸ್ತ್ರವನ್ನೂ ಪಾಠ ಹೇಳಿದವಳಿಗೆ ಒಂದು ಫಾರಂ ಬರೆಯುವುದು ಕಷ್ಟವೂ ಅಲ್ಲ. ಆದರೂ ಆ ಫಾರಮನ್ನು ನಾನು ಬರೆದುಕೊಡುವುದಿಲ್ಲ. ಏಕೆಂದು ಅವರಿಗೆ ಹೇಳಿದ್ದನ್ನು ಉಳಿದ ಸಂಘಗಳ ಅಕ್ಕತಂಗಿಯರಿಗೂ ಹೇಳಬೇಕಾಗಿದೆ, ಯಾಕೆಂದರೆ ಇಂಥ ಪಟ್ಟಿಯ ಆಸೆ ಒಂದು ಊರಿನದಲ್ಲ.

ಸಮಾಜವನ್ನು ತಿಳಿಯಲು ಎರಡು ದಾರಿಗಳಿವೆ. ಒಂದು ಎಣಿಸುವುದು, ಇನ್ನೊಂದು ಕೂತು ಕೇಳುವುದು. ವಿದ್ವಾಂಸರು ಇವಕ್ಕೆ ಪರಿಮಾಣಾತ್ಮಕ, ಗುಣಾತ್ಮಕ ಎಂದು ಭಾರವಾದ ಹೆಸರಿಟ್ಟಿದ್ದಾರೆ. ಹೆಸರಿಗೆ ಹೆದರಬೇಕಾಗಿಲ್ಲ, ನಿಮ್ಮ ಸಂಘದಲ್ಲಿ ಪ್ರತಿವಾರ ನಡೆಯುವುದೂ ಇದೇ. ಈ ವಾರ ಯಾರು ಕಂತು ಕಟ್ಟಲಿಲ್ಲ ಎಂಬುದನ್ನು ಪುಸ್ತಕ ಹೇಳುತ್ತದೆ. ಏಕೆ ಕಟ್ಟಲಿಲ್ಲ ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಅದಕ್ಕೆ ಅವಳ ಮನೆಗೆ ಹೋಗಬೇಕು, ಒಲೆಯ ಮುಂದೆ ಕೂರಬೇಕು, ಅವಳು ಸೆರಗು ಎಳೆದುಕೊಂಡು ಮುಚ್ಚಿದ ತೋಳನ್ನು ನೋಡಬೇಕು. ಪುಸ್ತಕವೊಂದನ್ನೇ ನೋಡಿದ ಬ್ಯಾಂಕಿನವನು ಅವಳನ್ನು 'ಸುಸ್ತಿದಾರಳು' ಎನ್ನುತ್ತಾನೆ. ಮನೆಯನ್ನು ಮಾತ್ರ ನೋಡಿ ಪುಸ್ತಕ ಬಿಟ್ಟರೆ ಸಂಘ ಮುಳುಗುತ್ತದೆ. ಎರಡೂ ಬೇಕೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಸರ್ಕಾರಿ ಸೌಲಭ್ಯದ 'ದುರುಪಯೋಗ' ಪತ್ತೆಮಾಡಲು ಹೊರಟವರು ಯಾವಾಗಲೂ ಪುಸ್ತಕ ಮಾತ್ರ ನೋಡುತ್ತಾರೆ, ಅದೂ ಒಂದೇ ಪುಟ.

ಆ ಒಂದು ಪುಟ ಯಾವುದು? ಸೇರಬಾರದವರು ಎಷ್ಟು ಜನ ಸೇರಿದ್ದಾರೆ ಎಂಬ ಪುಟ. ಅದರ ಎದುರು ಪುಟ, ಸೇರಬೇಕಾದವರು ಎಷ್ಟು ಜನ ಹೊರಗೆ ನಿಂತಿದ್ದಾರೆ ಎಂಬುದು. ಇವೆರಡೂ ತಕ್ಕಡಿಯ ಎರಡು ತಟ್ಟೆ: ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ. ಸುಳ್ಳು ಕಾರ್ಡು ಹುಡುಕುವ ಜರಡಿಯನ್ನು ಬಿಗಿ ಮಾಡಿದಷ್ಟೂ ನಿಜವಾದ ಬಡವರು ಅದರಲ್ಲಿ ಸಿಕ್ಕಿಬೀಳುತ್ತಾರೆ. ಇದು ನನ್ನ ಊಹೆಯಲ್ಲ. ಜಾರ್ಖಂಡದಲ್ಲಿ 2016ರಿಂದ 2018ರವರೆಗೆ ಸುಳ್ಳು ಕಾರ್ಡುಗಳೆಂದು ರದ್ದು ಮಾಡಿದವನ್ನು ಕಾರ್ತಿಕ್ ಮುರಳೀಧರನ್ ಮತ್ತು ಅವರ ಸಹ ಸಂಶೋಧಕರು ಮನೆಮನೆಗೆ ಹೋಗಿ ಪರಿಶೀಲಿಸಿದಾಗ, ಹತ್ತರಲ್ಲಿ ಸುಮಾರು ಒಂಬತ್ತು ನಿಜವಾದ ಕುಟುಂಬಗಳದ್ದೇ ಆಗಿದ್ದವು. ಅದೇ ರಾಜ್ಯದ ಸಿಮ್ಡೇಗಾ ಜಿಲ್ಲೆಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಸತ್ತಳು. ಆಧಾರ್ ಜೋಡಣೆಯಾಗಿಲ್ಲವೆಂದು ಆ ಮನೆಯ ಕಾರ್ಡು ರದ್ದಾಗಿತ್ತು. ದೂರದ ಜಾರ್ಖಂಡ ಬೇಡ, ನಮ್ಮ ಗೋಕರ್ಣದಲ್ಲೇ 2017ರ ಜುಲೈನಲ್ಲಿ ಒಂದೇ ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಧಾರ್ ಜೋಡಣೆಯಿಲ್ಲದೆ ಆ ಮನೆಗೆ ತಿಂಗಳುಗಟ್ಟಲೆ ಪಡಿತರ ಸಿಕ್ಕಿರಲಿಲ್ಲ ಎಂದು ಪಿ.ಯು.ಸಿ.ಎಲ್. ತಂಡ ಹೋಗಿ ನೋಡಿ ಹೇಳಿತು. ಹಸಿವಿನಿಂದಲ್ಲ, ಕುಡಿತದಿಂದ ಎಂದು ಸರ್ಕಾರಿ ಕಡೆಯ ಉತ್ತರ ಬಂತು. ಸತ್ತವರ ಮೇಲೂ ದುರುಪಯೋಗದ ಆರೋಪ!

2024ರ ನವೆಂಬರಿನಲ್ಲಿ ಅನರ್ಹ ಬಿ.ಪಿ.ಎಲ್. ಕಾರ್ಡುಗಳನ್ನು ತೆಗೆಯುವ ಕೆಲಸ ನಮ್ಮ ರಾಜ್ಯದಲ್ಲಿ ಭರದಿಂದ ನಡೆದಾಗ ಏನಾಯಿತು, ನೆನಪಿರಬೇಕು. ನ್ಯಾಯಬೆಲೆ ಅಂಗಡಿಗೆ ಚೀಲ ಹಿಡಿದು ಹೋದವರಿಗೆ ನಿಮ್ಮ ಕಾರ್ಡಿಲ್ಲ ಎಂಬ ಉತ್ತರ ಸಿಕ್ಕಿತು. ಗಲಾಟೆ ಎದ್ದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ವಾಪಸು ಕೊಡಿ ಎಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಮೊದಲೇ ಎದುರು ಪುಟವನ್ನೂ ತೆರೆದು ನೋಡಿದ್ದರೆ ಆ ಚೀಲಗಳು ಖಾಲಿ ಮರಳುತ್ತಿರಲಿಲ್ಲ.

ಸುಳ್ಳು ಕಾರ್ಡೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಸಂಬಳದ ನೌಕರರು ಬಡವರ ಕಾರ್ಡು ಇಟ್ಟುಕೊಂಡಿದ್ದಾರೆ. ಯಜಮಾನಿ ಸತ್ತ ಸುದ್ದಿ ಮುಚ್ಚಿಟ್ಟು ಅವಳ ಖಾತೆಯಿಂದ ದುಡ್ಡು ತೆಗೆಯುವ ಮಗರಾಯರೂ ಇದ್ದಾರೆ. ಅದು ಕಳ್ಳತನ, ವಸೂಲಿಯಾಗಲಿ. ನನ್ನ ತಕರಾರು ಬೇರೆ. ಕಂಪ್ಯೂಟರಿಗೆ ಕಳ್ಳತನದ ಹಾಗೆ ಕಾಣುವುದೆಲ್ಲ ಕಳ್ಳತನವಲ್ಲ. ಅದಕ್ಕೆ ಕಾಣದೇ ಇರುವ ಕಳ್ಳತನವೊಂದು ಮನೆಮನೆಯಲ್ಲಿ ನಡೆಯುತ್ತಿದೆ.

ಒಂದು ಮನೆಗೆ ಎರಡು ಕಾರ್ಡು ಎಂಬುದು ದೊಡ್ಡ ಆರೋಪ. ಗೃಹಲಕ್ಷ್ಮಿಯ ಆಸೆಗೆ ಅತ್ತೆ ಸೊಸೆ ಬೇರೆ ಬೇರೆ ಕಾರ್ಡು ಮಾಡಿಸಿಕೊಂಡು ಒಂದೇ ಸೂರಿನಡಿ ಇದ್ದಾರೆ ಎನ್ನುತ್ತಾರೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಕಲಮಿನಂತೆ ಮನೆಯಲ್ಲಿ ಹದಿನೆಂಟು ದಾಟಿದ ಹೆಂಗಸರಲ್ಲಿ ಹಿರಿಯಳೇ ಪಡಿತರ ಚೀಟಿಗೆ ಯಜಮಾನಿ. ಅಂದರೆ ಅತ್ತೆ. ಸೊಸೆಯ ಪಾಲಿಗೆ ಏನೂ ಇಲ್ಲ. ಗಂಡ ಬಿಟ್ಟುಹೋಗಿ, ಎರಡು ಮಕ್ಕಳೊಂದಿಗೆ ಅದೇ ಮನೆಯ ಹಿತ್ತಲ ಕೋಣೆಯಲ್ಲಿ ಬೇರೆ ಒಲೆ ಹೂಡಿಕೊಂಡಿರುವ ಸೊಸೆ ಬೇರೆ ಕಾರ್ಡು ಕೇಳಿದರೆ ಅದು ದುರುಪಯೋಗವೇ? ಮನೆ ನಂಬರು ಒಂದೇ, ಒಲೆ ಎರಡು. ಕಂಪ್ಯೂಟರಿಗೆ ಮನೆ ನಂಬರು ಗೊತ್ತು, ಒಲೆ ಗೊತ್ತಿಲ್ಲ. ಏಟು ತಿಂದು ತವರಿಗೆ ಬಂದವಳ ಕಥೆ ಇನ್ನೂ ವಿಚಿತ್ರ. ಅವಳ ಹೆಸರು ಗಂಡನ ಮನೆಯ ಕಾರ್ಡಿನಲ್ಲೇ ಉಳಿದಿರುತ್ತದೆ, ಅವಳ ಪಾಲಿನ ಅಕ್ಕಿ ಅಲ್ಲಿ ಬೇಯುತ್ತದೆ, ಅವಳು ತಮ್ಮನ ಮನೆಯಲ್ಲಿ ತಲೆ ತಗ್ಗಿಸಿ ಉಣ್ಣುತ್ತಾಳೆ. ಕಡತದ ಪ್ರಕಾರ ಎಲ್ಲವೂ ಸರಿ! ಇನ್ನೊಂದು ನಿಯಮ ನೋಡಿ: ಹೆಂಗಸಾಗಲಿ ಅವಳ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾದರೆ ಗೃಹಲಕ್ಷ್ಮಿ ಇಲ್ಲ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಬೆಂಗಳೂರಿನಲ್ಲಿ ಒಳ್ಳೆಯ ಸಂಬಳ ಎಣಿಸುತ್ತಾ, ಊರಿನಲ್ಲಿ ಬಿಟ್ಟ ಹೆಂಡತಿಗೆ ಒಂದು ಕಾಸೂ ಕಳಿಸದವನ ತೆರಿಗೆಯೂ ಅವಳ ತಲೆಗೇ ಕಟ್ಟುತ್ತದೆ. ಹೆಂಡತಿಯನ್ನು ಬಿಟ್ಟವನು ತೆರಿಗೆಯ ಲೆಕ್ಕದಲ್ಲಿ ಮಾತ್ರ ಅವಳ ಜೊತೆಗಿರುತ್ತಾನೆ.

ಸರಾಸರಿಯೆಂಬ ಇನ್ನೊಂದು ಮೋಸವಿದೆ. ಆಸ್ಟ್ರೇಲಿಯಾದಂಥ ಸಿರಿವಂತ ದೇಶದ ಕಥೆ ಕೇಳಿ. ಅಲ್ಲಿ 2015ರಿಂದ 2019ರವರೆಗೆ ಸರ್ಕಾರದ ಕಂಪ್ಯೂಟರು ಬಡವರ ವರ್ಷದ ಆದಾಯವನ್ನು ಹದಿನೈದು ಹದಿನೈದು ದಿನಗಳಿಗೆ ಸಮನಾಗಿ ಹಂಚಿ, ನೀವು ಕೆಲಸವಿದ್ದಾಗಲೂ ಸಹಾಯಧನ ಪಡೆದಿದ್ದೀರಿ, ಸಾಲಗಾರರಾಗಿದ್ದೀರಿ ಎಂದು ಜನರಿಗೆ ನೋಟೀಸು ಕಳಿಸಿತು. ಜನ ಇದನ್ನು 'ರೋಬೋಡೆಟ್' ಎಂದು ಕರೆದರು, ಯಂತ್ರ ಹೊರಿಸಿದ ಸಾಲ ಎಂದರ್ಥ. ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ತೊಂದರೆಯಾಯಿತು. ಅದು ಕಾನೂನುಬಾಹಿರವೆಂದು ಸಾಬೀತಾಗಿ ಸರ್ಕಾರ ಹಣ ವಾಪಸು ಕೊಡಬೇಕಾಯಿತು. 2023ರ ಜುಲೈನಲ್ಲಿ ವಿಚಾರಣಾ ಆಯೋಗದ ವರದಿಯೂ ಬಂತು. ಅವರ ತಪ್ಪು ಏನೆಂದು ನಮ್ಮ ಹೊಗೆಸೊಪ್ಪಿನ ಕೂಲಿಯವಳಿಗೆ ಒಂದು ಮಾತಿನಲ್ಲಿ ಅರ್ಥವಾಗುತ್ತದೆ. ಸೊಪ್ಪು ಕಟ್ಟುವ ತಿಂಗಳುಗಳಲ್ಲಿ, ಬ್ಯಾರನ್ನಿನಿಂದ ಇಳಿಸಿ ಬಿಡಿಸುವ ದಿನಗಳಲ್ಲಿ ಅವಳ ಕೈಗೆ ನಾಲ್ಕು ಕಾಸು ಬರುತ್ತದೆ. ಬೇಸಿಗೆಯಲ್ಲಿ ಕೆಲಸವಿಲ್ಲ, ಸಾಲವೇ ಊಟ. ಹರಾಜಿನ ಕಾಲದಲ್ಲಿ ಸರ್ವೆಗೆ ಬಂದವನಿಗೆ ಅವಳು ಶ್ರೀಮಂತಳು, ಯುಗಾದಿಯ ಹೊತ್ತಿಗೆ ಬಂದವನಿಗೆ ಭಿಕಾರಿ. ವಹ್ನಿ ಪುಷ್ಕರಿಣಿಯಲ್ಲಿ ಪುರಿ ಎರಚಿದ ಕಡೆ ನುಗ್ಗಿ ಬಂದ ಮೀನು ನೋಡಿ ಕಾವೇರಿಯ ಮೀನೆಲ್ಲ ಎಣಿಸಿದೆ ಎಂದವನ ಹಾಗೆ. ನೆದರ್ಲೆಂಡ್ಸಿನಲ್ಲೂ ಮಕ್ಕಳ ಪಾಲನೆಯ ಸಹಾಯಧನ ಪಡೆದ ಸಾವಿರಾರು ತಂದೆತಾಯಂದಿರಿಗೆ ವಂಚಕರೆಂಬ ಹಣೆಪಟ್ಟಿ ಕಟ್ಟಿದ್ದು ಸುಳ್ಳೆಂದು ತಿಳಿದು, 2021ರ ಜನವರಿಯಲ್ಲಿ ಇಡೀ ಸರ್ಕಾರವೇ ರಾಜೀನಾಮೆ ಕೊಟ್ಟಿತು. ನಮ್ಮಲ್ಲಿ ಒಬ್ಬ ಗುಮಾಸ್ತನೂ ಕುರ್ಚಿ ಬಿಡುವುದಿಲ್ಲ ಎಂಬುದು ಬೇರೆ ಮಾತು.

ಹಾಗಾದರೆ ಎಣಿಕೆ ಬಿಟ್ಟು ಬರೀ ಕಥೆ ಕೇಳೋಣವೇ? ಕಥೆಯನ್ನೂ ಆಯುಧ ಮಾಡಿಕೊಳ್ಳಬಹುದು, ಇದನ್ನು ನಮ್ಮ ಚಳವಳಿಯ ಗೆಳತಿಯರು ಕೆಲವೊಮ್ಮೆ ಮರೆಯುತ್ತಾರೆ. 1976ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಉಮೇದುವಾರನಾಗಲು ಹೊರಟ ರೊನಾಲ್ಡ್ ರೇಗನ್ ಷಿಕಾಗೋ ನಗರದ ಒಬ್ಬ ಹೆಂಗಸಿನ ಕಥೆಯನ್ನು ಊರೂರಲ್ಲಿ ಹೇಳಿದ. ಎಂಬತ್ತು ಸುಳ್ಳು ಹೆಸರಿಟ್ಟುಕೊಂಡು ಸರ್ಕಾರದ ದುಡ್ಡು ಹೊಡೆದವಳೆಂದು. ಅಂಥ ಹೆಂಗಸು ಇದ್ದದ್ದು ನಿಜ, ಅವಳಿಗೆ ಶಿಕ್ಷೆಯಾದದ್ದೂ ನಿಜ. ಆದರೆ ಆ ಒಬ್ಬಳ ಮುಖವನ್ನು ಸಹಾಯಧನ ಪಡೆಯುವ ಲಕ್ಷಾಂತರ ತಾಯಂದಿರ, ಅದರಲ್ಲೂ ಕಪ್ಪು ಹೆಂಗಸರ ಮುಖಕ್ಕೆ ಅಂಟಿಸಿದರು. ನಮ್ಮಲ್ಲಿ ಕೊರಳಲ್ಲಿ ಸರ ಹಾಕಿಕೊಂಡು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತವಳ ಕಥೆ ಹೇಳುತ್ತಾರಲ್ಲ, ಹಾಗೆಯೇ. ಆ ಸರ ಉಮಾಗೋಲ್ಡೋ, ಅಡವಿಟ್ಟು ನೆಂಟರ ಮದುವೆಗೆಂದು ಬಿಡಿಸಿ ತಂದದ್ದೋ, ಯಾರು ಕೇಳುತ್ತಾರೆ?

ಎರಡು ದಾರಿಯನ್ನೂ ಕೂಡಿಸಿ ನಡೆದವರೂ ಅದೇ ಅಮೆರಿಕದಲ್ಲಿದ್ದಾರೆ. ಕ್ಯಾಥರಿನ್ ಎಡಿನ್ ಮತ್ತು ಲಾರಾ ಲೀನ್ ಎಂಬ ಇಬ್ಬರು ಸಂಶೋಧಕಿಯರು ನಾಲ್ಕು ನಗರಗಳಲ್ಲಿ 379 ಒಂಟಿ ತಾಯಂದಿರ ಜೊತೆ ಕೂತು ಮಾತಾಡಿ 1997ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಫಾರಂ ಹಿಡಿದು ಬಾಗಿಲು ತಟ್ಟಲಿಲ್ಲ. ಆ ತಾಯಂದಿರು ನಂಬುವವರ ಮೂಲಕ ಹೋದರು, ಮತ್ತೆ ಮತ್ತೆ ಹೋದರು, ಬಾಡಿಗೆಯಿಂದ ಹಿಡಿದು ಡಯಾಪರಿನವರೆಗೆ ತಿಂಗಳ ಖರ್ಚನ್ನು ಒಂದೊಂದಾಗಿ ಬರೆದುಕೊಂಡರು. ಸರ್ಕಾರ ಕೊಡುವುದು ಖರ್ಚಿನ ಐದರಲ್ಲಿ ಮೂರು ಪಾಲಿಗಷ್ಟೇ ಸಾಲುತ್ತಿತ್ತು. ಉಳಿದ ಎರಡು ಪಾಲನ್ನು ಬಹುತೇಕ ಎಲ್ಲ ತಾಯಂದಿರೂ ಕದ್ದುಮುಚ್ಚಿ ಕೂಲಿ ಮಾಡಿಯೋ, ನೆಂಟರಿಂದ ಇಸಿದುಕೊಂಡೋ ತುಂಬುತ್ತಿದ್ದರು, ಮತ್ತು ಅದನ್ನು ಕಚೇರಿಗೆ ಹೇಳುತ್ತಿರಲಿಲ್ಲ. ನಿಯಮದ ಕಣ್ಣಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ವಂಚಕರು! ಬಹುತೇಕ ಎಲ್ಲರೂ ಮುರಿಯಬೇಕಾಗಿ ಬರುವ ನಿಯಮವಿದ್ದರೆ ತಪ್ಪು ನಿಯಮದ್ದೋ ತಾಯಂದಿರದ್ದೋ ಎಂಬ ಪ್ರಶ್ನೆ ಏಳಬೇಕಲ್ಲವೇ? ಬರೀ ಎಣಿಸಿದ್ದರೆ ಆ ಸತ್ಯ ಸಿಗುತ್ತಿರಲಿಲ್ಲ. ಬರೀ ಕಥೆ ಕೇಳಿ ಲೆಕ್ಕ ಬರೆಯದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಈ ಪತ್ರಿಕೆಯ ಓದುಗರಿಗೆ ಹತ್ತಿರದ ಉದಾಹರಣೆ ಬೆಂಗಳೂರಿನದು. 1997ರಲ್ಲಿ ಆ ನಗರದಲ್ಲಿ 1133 ಹೆಂಗಸರ ಅಸಹಜ ಸಾವುಗಳಾದವು. ಪೊಲೀಸ್ ಕಡತದಲ್ಲಿ ಕೊಲೆಯೆಂದು ಬರೆದದ್ದು 157, ಆತ್ಮಹತ್ಯೆ 546, ಅಪಘಾತ 430. ಬರೀ ಎಣಿಸುವವನು ಇಲ್ಲಿಗೆ ನಿಲ್ಲಿಸಿ, ಹೆಂಗಸರಿಗೆ ಅಡುಗೆಮನೆಯಲ್ಲಿ ಎಚ್ಚರಿಕೆ ಸಾಲದು ಎಂದು ವರದಿ ಬರೆಯುತ್ತಿದ್ದ. ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ಅಲ್ಲಿಗೆ ನಿಲ್ಲಿಸಲಿಲ್ಲ. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋದರು, ಸತ್ತವಳ ತವರಿನವರನ್ನು ಕಂಡರು, ಕಡತ ಹೇಳುವುದನ್ನೂ ಮನೆಯವರು ಹೇಳುವುದನ್ನೂ ಪಕ್ಕಪಕ್ಕ ಇಟ್ಟರು. ಅಷ್ಟೊಂದು ಸ್ಟೋವುಗಳು ಮದುವೆಯಾಗಿ ಬಂದ ಹೆಣ್ಣಿನ ಮೇಲೆಯೇ ಏಕೆ ಸಿಡಿಯುತ್ತವೆ ಎಂದು ಕೇಳಿದರು. 'ಅಪಘಾತ' ಎಂಬುದು ಸಾವಿನ ಕಾರಣವಲ್ಲ, ಪೊಲೀಸರು ಆ ಸಾವಿಗೆ ಹಚ್ಚಿದ ಚೀಟಿ ಎಂಬುದು ಹಾಗೆ ಬಯಲಿಗೆ ಬಂತು. 'ಅನರ್ಹ' ಎಂಬುದೂ ಅಂಥದೇ ಚೀಟಿ. ಯಾರು, ಎಲ್ಲಿ ಕೂತು, ಏನು ನೋಡಿ ಹಚ್ಚಿದರು ಎಂದು ಕೇಳದೆ ಆ ಪದವನ್ನು ಬಾಯಿಗೆ ಹಾಕಿಕೊಳ್ಳಬಾರದು.

498ಎ ವಿಷಯದಲ್ಲೂ ಚೀಟಿ ಹಚ್ಚಿದ್ದು ಹೀಗೆಯೇ. 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಕಿಅಂಶ ಉಲ್ಲೇಖಿಸಿತು: ಶೇ. 93.6ರಷ್ಟು ಪ್ರಕರಣಗಳಲ್ಲಿ ಆರೋಪಪಟ್ಟಿ, ಆದರೆ ಶೇ. 15ರಲ್ಲಿ ಮಾತ್ರ ಶಿಕ್ಷೆ. ವಿನಾಕಾರಣ ಬಂಧಿಸಬೇಡಿ ಎಂಬ ಆದೇಶಕ್ಕೆ ನನ್ನ ವಿರೋಧವಿಲ್ಲ. ಆದರೆ ಶಿಕ್ಷೆಯಾಗದ ದೂರೆಲ್ಲ ಸುಳ್ಳು ದೂರು ಎಂದು ಆ ಶೇಕಡಾವಾರನ್ನು ಹಿಡಿದು ಕುಣಿದವರು ಒಬ್ಬ ದೂರುದಾರಳನ್ನಾದರೂ ಕೇಳಿದರೇ? ಮಕ್ಕಳ ಮುಖ ನೋಡಿ ರಾಜಿಯಾದವಳು, ವಾಯಿದೆಗೆ ಅಲೆದು ಸೋತವಳು, ಕೊಟ್ಟ ಒಡವೆ ವಾಪಸಾದರೆ ಸಾಕೆಂದು ಹೇಳಿಕೆ ಬದಲಿಸಿದವಳು, ಇವರೆಲ್ಲ ಆ ಲೆಕ್ಕದಲ್ಲಿ ಸುಳ್ಳುಗಾತಿಯರು.

ಇನ್ನು ಮನೆಯೊಳಗೆ ನಡೆಯುವ, ಕಂಪ್ಯೂಟರಿಗೆ ಕಾಣದ ಕಳ್ಳತನಕ್ಕೆ ಬರುತ್ತೇನೆ. ಗೃಹಲಕ್ಷ್ಮಿ ಹಣ ಖಾತೆಗೆ ಜಮೆಯಾಯಿತು ಎಂದೊಡನೆ ಸರ್ಕಾರದ ಲೆಕ್ಕ ಮುಗಿಯುತ್ತದೆ, 'ಯಶಸ್ವಿ' ಎಂದು ಬರೆಯುತ್ತಾರೆ. ಆ ಮೇಲೆ? ಈಚೆಗೆ ಒಬ್ಬ ಹೆಣ್ಣುಮಗಳು ಹೇಳಿದಳು: 'ದುಡ್ಡು ಬಿದ್ದ ಮೆಸೇಜು ನನಗೆಲ್ಲಿ ಬತ್ತದೆ ಮೇಡಂ? ಅವರ ಫೋನ್ ನಂಬರು ಕೊಟ್ಟದ್ದಲ್ವಾ. ಬಂದದ್ದು ಗೊತ್ತಾಗಾದೇ ಅವರು ಕುಡ್ಕಂಡು ಬಂದಾಗ.' ಎ.ಟಿ.ಎಂ. ಕಾರ್ಡು ಮಗನ ಜೇಬಿನಲ್ಲಿ, ಪಾಸ್‌ಬುಕ್ಕು ಅತ್ತೆಯ ಟ್ರಂಕಿನಲ್ಲಿ. ಕೊಡುವುದಿಲ್ಲ ಎಂದ ತಿಂಗಳು ಏಟು. 'ನಿನ್ನಪ್ಪ ಕೊಡೋದು ಬಾಕಿ ಐತಲ್ಲ, ಅದಕ್ಕೆ ಜಮಾ' ಎಂದು ವರದಕ್ಷಿಣೆಯ ಬಾಕಿಗೆ ಈ 2000ವನ್ನು ಕಂತು ಮಾಡಿಕೊಂಡವರೂ ಇದ್ದಾರೆ. ಸರ್ಕಾರದ ದುಡ್ಡಿನಲ್ಲಿ ವರದಕ್ಷಿಣೆ ವಸೂಲಿ! 1961ರ ವರದಕ್ಷಿಣೆ ನಿಷೇಧ ಕಾಯ್ದೆ ಬರೆದವರಿಗೆ ಈ ಉಪಾಯ ಹೊಳೆದಿರಲಾರದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮಾತ್ರ ಇದನ್ನು ಸ್ಪಷ್ಟವಾಗಿ ಹೆಸರಿಸಿದೆ. ಹೆಂಗಸಿಗೆ ಹಕ್ಕಾಗಿ ಬರಬೇಕಾದ ಹಣವನ್ನು ಅವಳಿಗೆ ತಪ್ಪಿಸುವುದು ಆರ್ಥಿಕ ದೌರ್ಜನ್ಯ ಎಂದು ಅದರ 3ನೇ ಕಲಮು ಹೇಳುತ್ತದೆ. ಸೌಲಭ್ಯದ ದುರುಪಯೋಗ ಎಂದರೆ ಇದು. ಈ ಕಾಲಮ್ಮು ಯಾವ ಸರ್ವೆ ಫಾರಮಿನಲ್ಲಿದೆ, ತೋರಿಸಲಿ.

ಉಚಿತ ಬಸ್ಸಿನ ಲೆಕ್ಕವೂ ಹಾಗೆಯೇ. ಎಷ್ಟು ಶೂನ್ಯ ಟಿಕೆಟ್ಟು ಹರಿದರು ಎಂಬುದು ನಿಗಮಕ್ಕೆ ಗೊತ್ತು. 'ಸುಮ್ನೆ ತಿರುಗ್ತಾರೆ' ಎಂದು ಆಡಿಕೊಳ್ಳುವವರಿಗೆ ಗೊತ್ತಿಲ್ಲದ್ದು, ರಾತ್ರಿ ಏಟು ತಿಂದವಳು ಬೆಳಗಿನ ಮೊದಲ ಬಸ್ಸಿಗೆ ಮಗುವನ್ನೆತ್ತಿಕೊಂಡು ಕೊಣನೂರಿಗೋ ಹೊಳೆನರಸೀಪುರಕ್ಕೋ ತವರಿಗೆ ಹೊರಡಲು ಈಗ ಯಾರ ಹತ್ತಿರವೂ ಚಾರ್ಜು ಬೇಡಬೇಕಾಗಿಲ್ಲ ಎಂಬುದು. ಅವಳ ಪ್ರಯಾಣ 'ಅನಗತ್ಯ'ದ ಪಟ್ಟಿಯಲ್ಲಿದೆ.

ಹೀಗಾಗಿ ನಾನು ಬರೆದುಕೊಡುವ ಫಾರಂ ಬೇರೆ. ಯಾರು ಸುಳ್ಳು ಹೇಳಿದರು ಎಂಬ ಪ್ರಶ್ನೆ ಅದರಲ್ಲಿಲ್ಲ. ಹಣ ಯಾರ ಹೆಸರಿಗೆ ಬರುತ್ತದೆ, ಮೆಸೇಜು ಯಾರ ಫೋನಿಗೆ, ಕಾರ್ಡು ಯಾರ ಕೈಯಲ್ಲಿ, ಕಳೆದ ಮೂರು ಕಂತಿನಲ್ಲಿ ಅವಳು ತಾನೇ ಯೋಚಿಸಿ ಖರ್ಚು ಮಾಡಿದ್ದೆಷ್ಟು, ಸಾಲದವರು ಹಿಡಿದುಕೊಂಡದ್ದೆಷ್ಟು. ಸಾಲದವರು ಎಂದಾಗ ಮೈಕ್ರೋಫೈನಾನ್ಸಿನವರನ್ನೂ ಬಿಡಬೇಡಿ. ಬಲವಂತದ ವಸೂಲಿಯ ವಿರುದ್ಧ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಅರ್ಜಿ ಹಾಕಿಯೂ ಸಿಗದವರು, ಅರ್ಜಿಯನ್ನೇ ಹಾಕದವರು ಯಾರು, ಏಕೆ? ಇವರನ್ನು ಹುಡುಕಲು ಫಲಾನುಭವಿಗಳ ಪಟ್ಟಿ ಹಿಡಿದು ಹೋದರೆ ಸಿಗುವುದಿಲ್ಲ, ಬೀದಿಯ ಒಂದು ತುದಿಯಿಂದ ಪ್ರತಿ ಮನೆಗೂ ಹೋಗಬೇಕು, ಕೇರಿಯನ್ನು ಬಿಟ್ಟು ಎಣಿಸಬಾರದು. ಎಣಿಕೆ ಮುಗಿದ ಮೇಲೆ, ಹಣ ತನ್ನ ಕೈಗೆ ಬರುವುದಿಲ್ಲ ಎಂದವರಲ್ಲಿ ಒಪ್ಪಿದ ಕೆಲವರ ಜೊತೆ ಇನ್ನೊಂದು ದಿನ ಬಿಡುವಾಗಿ ಕೂರಬೇಕು. ಅಲ್ಲಿ ಫಾರಂ ಬೇಡ.

ಕೇಳುವ ರೀತಿಯ ಮೇಲೆ ಉತ್ತರ ನಿಂತಿರುತ್ತದೆ ಎಂಬುದಕ್ಕೆ ಒಂದು ದೊಡ್ಡ ಸಾಕ್ಷಿ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ವಿವಾಹಿತ ಹೆಂಗಸರು 2015-16ರಲ್ಲಿ ಸುಮಾರು ಶೇ. 21. 2019-21ರಲ್ಲಿ ಶೇ. 44. ಇಡೀ ದೇಶದ ಸಂಖ್ಯೆ ಅದೇ ಅವಧಿಯಲ್ಲಿ ಶೇ. 31ರಿಂದ 29ಕ್ಕೆ ಇಳಿಯಿತು. ನಮ್ಮ ಗಂಡಸರು ನಾಲ್ಕೈದು ವರ್ಷದಲ್ಲಿ ಎರಡು ಪಟ್ಟು ಕ್ರೂರಿಗಳಾದರೇ, ಅಥವಾ ಹೆಂಗಸರು ಬಾಯಿಬಿಟ್ಟರೇ, ಕೇಳುವವರು ಸರಿಯಾಗಿ ಕೇಳಿದರೇ? ಸಂಖ್ಯೆಯನ್ನು ಎಷ್ಟು ದಿಟ್ಟಿಸಿದರೂ ಇದಕ್ಕೆ ಉತ್ತರ ಬರುವುದಿಲ್ಲ. ಆ ಸಮೀಕ್ಷೆಯಲ್ಲಿ ಹಿಂಸೆಯ ಪ್ರಶ್ನೆಗಳನ್ನು ಮನೆಗೆ ಒಬ್ಬಳಿಗೆ ಮಾತ್ರ, ಯಾರೂ ಕೇಳಿಸಿಕೊಳ್ಳದ ಜಾಗದಲ್ಲಿ ಕೇಳಬೇಕೆಂಬ ಕಟ್ಟುನಿಟ್ಟು ಇದೆ. ಮಧ್ಯೆ ಯಾರಾದರೂ ಬಂದರೆ ಪ್ರಶ್ನೆ ನಿಲ್ಲಿಸಬೇಕು. ನಾವೂ ಇದನ್ನು ಪಾಲಿಸಲೇಬೇಕು. ಜಗಲಿಯ ಮೇಲೆ ಗಂಡ, ಬಾಗಿಲಲ್ಲಿ ಅತ್ತೆ ನಿಂತಿರುವಾಗ 'ದುಡ್ಡು ಯಾರು ತಗೋತಾರೆ' ಎಂದು ಕೇಳಿದರೆ ಅವಳು 'ನಾನೇ' ಎನ್ನುತ್ತಾಳೆ. ನೀವು ಹೋದ ಮೇಲೆ ಆ ಪ್ರಶ್ನೆಗೇ ಏಟು ಬೀಳುತ್ತದೆ. ಹೊಳೆಗೆ ಬಟ್ಟೆಗೆ ಹೋದಾಗ, ಸೊಪ್ಪು ಕಟ್ಟುವ ಚಪ್ಪರದಲ್ಲಿ, ಅಂಗನವಾಡಿಗೆ ಮಗುವನ್ನು ಬಿಡಲು ಬಂದಾಗ ಕೇಳಿ. ಹೇಳಲು ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಿ, ಖಾಲಿ ಬಿಟ್ಟ ಉತ್ತರವೂ ಎಣಿಕೆಗೆ ಬರುತ್ತದೆ. ಏಟಿನ ಮಾತು ಬಂದರೆ 181 ಸಹಾಯವಾಣಿಯನ್ನೂ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ 2005ರ ಕಾಯ್ದೆಯ ಸಂರಕ್ಷಣಾಧಿಕಾರಿ ಎಂಬುದನ್ನೂ ತಿಳಿಸಿ. ಅವಳ ಪರವಾಗಿ ನೀವೇ ತೀರ್ಮಾನ ಮಾಡಬೇಡಿ.

ಈ ಲೆಕ್ಕ ಕೈಗೆ ಬಂದ ಮೇಲೆ ತಹಶೀಲ್ದಾರರ ಮುಂದೆ ಎರಡು ಬೇಡಿಕೆ ಇಡೋಣ. ಯಾವುದೇ ಕಾರ್ಡು ರದ್ದಾಗುವ ಮುನ್ನ ಕಾರಣ ಬರೆದ ನೋಟೀಸು ಆ ಹೆಂಗಸಿನ ಕೈಗೇ ತಲುಪಬೇಕು, ಅವಳ ಮಾತು ಕೇಳಬೇಕು. ರದ್ದಾದವರ ಸಂಖ್ಯೆ ಪ್ರಕಟಿಸುವಾಗ, ತಪ್ಪಾಗಿ ರದ್ದಾಗಿ ಮರಳಿ ಪಡೆದವರ ಸಂಖ್ಯೆಯನ್ನೂ ಅದರ ಪಕ್ಕದಲ್ಲೇ ಪ್ರಕಟಿಸಬೇಕು. ಅನರ್ಹರ ಹೆಸರು ಹುಡುಕಿ ಕೊಡಿ ಎಂದು ಯಾರಾದರೂ ಸಂಘವನ್ನು ಕೇಳಿದರೆ, ಸಂಘ ಕಟ್ಟಿದ್ದು ಒಬ್ಬರ ಮೇಲೊಬ್ಬರು ಗೂಢಚಾರಿಕೆ ಮಾಡಲಿಕ್ಕಲ್ಲ ಎಂದು ಹೇಳಿ ಕಳಿಸಿ.

ಫಾರಮಿನ ಮೇಲೆ ಹೆಸರು ಬರೆಯಬೇಡಿ, ನಂಬರು ಹಾಕಿ. ಯಾವ ನಂಬರು ಯಾರದ್ದು ಎಂಬ ಪುಸ್ತಕ ಬೇರೆ ಇರಲಿ. ಅದನ್ನು ಸಂಘದ ಪೆಟ್ಟಿಗೆಯಲ್ಲಿಡುವುದು ಬೇಡ. ಆ ಪೆಟ್ಟಿಗೆ ಯಾರ ಮನೆಯಲ್ಲಿದೆ, ಬೀಗದ ಕೈ ಯಾವ ಗೂಟಕ್ಕೆ ನೇತಾಡುತ್ತದೆ ಎಂಬುದು ಊರಿನ ಗಂಡಸರಿಗೆಲ್ಲ ಗೊತ್ತು.